ಹಗ್ಗದ ಇನ್ನೊಂದು ತುದಿ

ಸ್ಕೂಬಾ ದೋಣಿ ಹತ್ತಲು ಬಂದವರಿಗೆ ಮೇಲ್ವಿಚಾರಕರು ಕೇಳುವ ಪ್ರಶ್ನೆಗಳಲ್ಲಿ ಒಂದು ಹೊಸಬರನ್ನು ತಬ್ಬಿಬ್ಬು ಮಾಡುತ್ತದೆ. ಪ್ರಮಾಣಪತ್ರ ಇದೆಯೇ, ಕೊನೆಯ ಬಾರಿ ನೀರಿಗಿಳಿದದ್ದು ಯಾವಾಗ, ಉಬ್ಬಸವೇನಾದರೂ ಉಂಟೇ - ಇವಕ್ಕೆಲ್ಲ ಉತ್ತರ ಸಿದ್ಧವಾಗಿರುತ್ತದೆ. 'ನಿಮ್ಮ ಜೊತೆಗಾರರು ಯಾರು?' ಎಂದಾಗ ಮಾತ್ರ ಒಂಟಿಯಾಗಿ ಬಂದವರು ಅತ್ತಿತ್ತ ನೋಡುತ್ತಾರೆ. ಸಿನಿಮಾಕ್ಕೆ ಒಬ್ಬರೇ ಹೋಗಬಹುದು, ಚಾರಣಕ್ಕೂ ಹೋಗುವವರಿದ್ದಾರೆ. ಸಮುದ್ರದ ತಳಕ್ಕೆ ಇಳಿಯಲು ಮಾತ್ರ ಏಕೆ ಜೋಡಿ ಬೇಕು?

ಇಂಗ್ಲಿಷಿನಲ್ಲಿ ಈ ಜೊತೆಗಾರನಿಗೆ 'ಬಡಿ' ಎನ್ನುತ್ತಾರೆ. ದೋಣಿಗಳಲ್ಲಿ ಅದು 'ಬಡ್ಡಿ' ಎಂದೇ ಕೇಳಿಸುವುದರಿಂದ ಕನ್ನಡದ ಕಿವಿಗೆ ಸಾಲದ ನೆನಪಾದರೂ ಆಶ್ಚರ್ಯವಿಲ್ಲ. ಹೋಲಿಕೆ ತೀರಾ ಅಸಂಬದ್ಧವೂ ಅಲ್ಲ. ನೀರಿನಡಿಯ ಜೊತೆಗಾರಿಕೆಯೂ ಒಂದು ಬಗೆಯ ಋಣವೇ. ಅದನ್ನು ಅರ್ಧ ಗಂಟೆಯ ಮಟ್ಟಿಗೆ ಗುರುತು ಪರಿಚಯವಿಲ್ಲದವರಿಂದ ಪಡೆಯಬೇಕು, ಅಷ್ಟನ್ನೇ ಅವರಿಗೆ ಕೊಡಬೇಕು.

ಕರ್ನಾಟಕದಲ್ಲಿ ಈ ಪ್ರಶ್ನೆ ಎದುರಾಗುವ ಸ್ಥಳ ನೇತ್ರಾಣಿ. ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಅರಬ್ಬಿ ಸಮುದ್ರದ ನಡುವೆ ಇರುವ ಈ ನಡುಗಡ್ಡೆಗೆ ಪಾರಿವಾಳ ದ್ವೀಪ ಎಂಬ ಹೆಸರೂ ಇದೆ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದು, ಬೆಳಿಗ್ಗೆ ದೋಣಿ ಹತ್ತಿ, ಸಂಜೆಗೆ ಮತ್ತೆ ಬಸ್ಸು ಹಿಡಿಯುವವರು ಸಾಕಷ್ಟು ಮಂದಿ. ಇವರಲ್ಲಿ ಹೆಚ್ಚಿನವರು ಒಂದು ದಿನದ ಅನುಭವಕ್ಕೆ ಬರುವವರು. ಇವರಿಗೆ ಜೊತೆಗಾರರ ಚಿಂತೆ ಇಲ್ಲ. ನೀರಿಗಿಳಿದ ಕ್ಷಣದಿಂದ ಮೇಲೆ ಬರುವವರೆಗೆ ತರಬೇತುದಾರರು ಪಕ್ಕದಲ್ಲೇ ಇರುತ್ತಾರೆ. ಗಾಳಿ ತುಂಬಿದ ಸಿಲಿಂಡರಿನ ಕತ್ತನ್ನು ಹಿಡಿದೇ ಇರುತ್ತಾರೆ ಎಂದರೂ ತಪ್ಪಲ್ಲ. ಈಜು ಬಾರದವರೂ ಮೀನು ನೋಡಿ ಬರುವುದು ಹೀಗೆ.

ಕಷ್ಟವಿರುವುದು ಎರಡನೆಯ ವರ್ಗಕ್ಕೆ. ಇವರು ಗೋವಾದಲ್ಲೋ ಅಂಡಮಾನಿನಲ್ಲೋ ಪುದುಚೇರಿಯಲ್ಲೋ ಮೂರು ನಾಲ್ಕು ದಿನಗಳ ಶಿಕ್ಷಣ ಮುಗಿಸಿ ಮೊದಲ ದರ್ಜೆಯ ಕಾರ್ಡು ಪಡೆದವರು. 18 ಮೀಟರ್, ಅಂದರೆ ಸುಮಾರು 60 ಅಡಿ ಆಳದವರೆಗೆ ಇಳಿಯಲು ಕಾರ್ಡು ಅವಕಾಶ ಕೊಡುತ್ತದೆ. ಆದರೆ ಅದರ ಹಿಂದೆ ಒಂದು ಷರತ್ತು ಇದೆ: ಜೊತೆಗಾರರೊಂದಿಗೆ ಮಾತ್ರ. ಶಿಕ್ಷಣ ಮುಗಿದ ಮರುದಿನದಿಂದ ಸಿಲಿಂಡರ್ ಹಿಡಿಯುವ ಕೈ ಇರುವುದಿಲ್ಲ. ಸ್ನೇಹಿತರಿಗೆ ಸಮುದ್ರದಲ್ಲಿ ಆಸಕ್ತಿ ಇರುವುದಿಲ್ಲ. ಹಾಗಾಗಿ ನಾಲ್ಕೇ ನಾಲ್ಕು ಬಾರಿ ಮುಳುಗಿ ಎದ್ದ ವ್ಯಕ್ತಿ ಐದನೆಯ ಬಾರಿಗೆ ಅಪರಿಚಿತರ ದೋಣಿಯಲ್ಲಿ, ಅಪರಿಚಿತರ ಜೋಡಿಯಾಗಿ ನೀರಿಗೆ ಹಾರಬೇಕಾಗುತ್ತದೆ.

ಈ ಷರತ್ತಿನ ಹಿಂದೆ ದೊಡ್ಡ ಇತಿಹಾಸವಿದೆ. ಮುಳುಗುವ ಕಸುಬು ಮನುಷ್ಯನಿಗೆ ಹಳೆಯದು. ಗಾಳಿಯ ಸಿಲಿಂಡರ್ ಬರುವ ಎಷ್ಟೋ ಶತಮಾನಗಳ ಮುಂಚೆ ಮುತ್ತಿಗಾಗಿ, ಶಂಖಕ್ಕಾಗಿ, ಚಿಪ್ಪಿಗಾಗಿ ಉಸಿರು ಬಿಗಿಹಿಡಿದು ಇಳಿಯುತ್ತಿದ್ದವರು ಇದ್ದರು. ಪರ್ಷಿಯಾ ಕೊಲ್ಲಿಯ ಮುತ್ತಿನ ದೋಣಿಗಳಲ್ಲಿ ಇಳಿಯುವವನಿಗೆ 'ಗೈಸ್' ಎಂದೂ ಮೇಲೆ ಕುಳಿತು ಹಗ್ಗ ಹಿಡಿಯುವವನಿಗೆ 'ಸೈಬ್' ಎಂದೂ ಹೆಸರು. ಗೈಸ್ ಕಾಲಿಗೆ ಭಾರ ಕಟ್ಟಿಕೊಂಡು ತಳ ಸೇರಿ, ಚಿಪ್ಪುಗಳನ್ನು ಬುಟ್ಟಿಗೆ ತುಂಬಿ, ಹಗ್ಗ ಜಗ್ಗಿದ ಕೂಡಲೇ ಸೈಬ್ ಅವನನ್ನು ಎಳೆದುಕೊಳ್ಳಬೇಕು. ಅವನ ಗಮನ ಒಂದು ಗಳಿಗೆ ಬೇರೆಡೆ ಹೋದರೂ ಕೆಳಗಿನವನ ಕಥೆ ಮುಗಿದಂತೆ.

ಭಾರತ ಮತ್ತು ಶ್ರೀಲಂಕಾ ನಡುವಿನ ಮನ್ನಾರ್ ಕೊಲ್ಲಿಯ ಮುತ್ತಿನ ಬೇಟೆಯಲ್ಲೂ ಇದೇ ಏರ್ಪಾಡು. ಅಲ್ಲಿ ಹಗ್ಗವನ್ನು ಭಾವಮೈದುನನ ಕೈಗೇ ಕೊಡುತ್ತಿದ್ದರು ಎಂಬ ಮಾತು ತಮಿಳುನಾಡಿನ ಕರಾವಳಿಯಲ್ಲಿ ಈಗಲೂ ಕೇಳಿಬರುತ್ತದೆ. ಒಡಹುಟ್ಟಿದ ಅಣ್ಣತಮ್ಮಂದಿರಿಗೆ ಆಸ್ತಿಯ ಆಸೆ ಇರಬಹುದು. ಹೆಂಡತಿಯ ಅಣ್ಣನಿಗೋ ತಮ್ಮನಿಗೋ ತನ್ನ ಒಡಹುಟ್ಟಿದವಳ ತಾಳಿಯ ಚಿಂತೆ ಇದ್ದೇ ಇರುತ್ತದೆ ಎಂಬುದು ಇದರ ಹಿಂದಿನ ತರ್ಕ. ನಡೆದದ್ದೋ ಕಟ್ಟಿದ್ದೋ, ಹಗ್ಗ ಹಿಡಿಯುವವರನ್ನು ಎಷ್ಟು ಯೋಚಿಸಿ ಆರಿಸಬೇಕೆಂಬುದನ್ನು ಈ ಕಥೆ ಚೆನ್ನಾಗಿಯೇ ಹೇಳುತ್ತದೆ.

ಜಪಾನಿನಲ್ಲಿ ಮುಳುಗುವವರು ಹೆಂಗಸರು. 'ಅಮಾ' ಎಂದು ಕರೆಯಲಾಗುವ ಇವರಲ್ಲಿ ಎರಡು ಬಗೆ. ದಡದ ಬಳಿ ಆಳ ಕಡಿಮೆಯಿರುವಲ್ಲಿ ಸ್ವತಂತ್ರವಾಗಿ ಇಳಿಯುವವರು 'ಕಾಚಿದೊ'. ದೋಣಿಯಲ್ಲಿ ಹೋಗಿ ಹೆಚ್ಚು ಆಳಕ್ಕೆ ಇಳಿಯುವವರು 'ಫುನಾದೊ'. ಫುನಾದೊಗಳ ಸೊಂಟಕ್ಕೆ ಹಗ್ಗ ಇರುತ್ತದೆ. ಅದರ ಇನ್ನೊಂದು ತುದಿ ಸಾಮಾನ್ಯವಾಗಿ ಗಂಡನ ಕೈಯಲ್ಲಿ. ಆಳ ಹೆಚ್ಚಿದಂತೆ ಮೇಲೊಬ್ಬರು ಬೇಕೇಬೇಕು ಎಂಬುದನ್ನು ಈ ಹೆಂಗಸರು ಯಾವ ಪಠ್ಯಪುಸ್ತಕವೂ ಇಲ್ಲದೆ ಕಂಡುಕೊಂಡಿದ್ದರು.

ಯುರೋಪಿನಲ್ಲಿ ಲೋಹದ ಶಿರಸ್ತ್ರಾಣ ಬಂದ ಮೇಲೂ ಹಗ್ಗ ಹೋಗಲಿಲ್ಲ. ಅಗಸ್ಟಸ್ ಸೀಬೆ ಎಂಬಾತ 1830ರ ದಶಕದಲ್ಲಿ ರೂಪಿಸಿದ ಉಡುಪಿನಲ್ಲಿ ಮುಳುಗುಗಾರನ ತಲೆಗೆ ತಾಮ್ರದ ಬುರುಡೆ, ಅದಕ್ಕೆ ಮೇಲಿನಿಂದ ಗಾಳಿ ಒತ್ತುವ ಕೊಳವೆ, ಜೊತೆಗೆ ಸಂಕೇತದ ಹಗ್ಗ. ಒಂದು ಜಗ್ಗಿಗೆ ಒಂದು ಅರ್ಥ, ಎರಡಕ್ಕೆ ಇನ್ನೊಂದು. ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಳಿಯ ಸ್ಪಿಟ್‌ಹೆಡ್‌ನಲ್ಲಿ 1782ರಲ್ಲಿ ಸುಮಾರು 900 ಜನರೊಂದಿಗೆ ಮುಳುಗಿದ್ದ 'ರಾಯಲ್ ಜಾರ್ಜ್' ಎಂಬ ಯುದ್ಧನೌಕೆಯ ಅವಶೇಷಗಳನ್ನು ತೆರವು ಮಾಡುವ ಕೆಲಸ 1839ರಲ್ಲಿ ಆರಂಭವಾಯಿತು. ಅದರ ಹೊಣೆ ಹೊತ್ತ ಸೇನಾ ಎಂಜಿನಿಯರ್ ಚಾರ್ಲ್ಸ್ ಪ್ಯಾಸ್ಲಿ ತನ್ನ ಮುಳುಗುಗಾರರು ಇಬ್ಬಿಬ್ಬರಾಗಿಯೇ ಕೆಲಸ ಮಾಡಬೇಕೆಂದು ಕಟ್ಟಳೆ ಮಾಡಿದ. ಮುಳುಗುವಲ್ಲಿ ಜೋಡಿ ಪದ್ಧತಿಯ ಮೊದಲ ಲಿಖಿತ ದಾಖಲೆ ಇದೇ ಎನ್ನುತ್ತಾರೆ.

ಹಗ್ಗ ಕಡಿದುಹೋದದ್ದು 1943ರಲ್ಲಿ. ಫ್ರಾನ್ಸಿನ ನೌಕಾದಳದ ಅಧಿಕಾರಿ ಝಾಕ್ ಕೂಸ್ಟೊ ಮತ್ತು ಎಂಜಿನಿಯರ್ ಎಮಿಲ್ ಗ್ಯಾನಾನ್ ಇಬ್ಬರೂ ಸೇರಿ, ಉಸಿರೆಳೆದಾಗ ಮಾತ್ರ ಬೇಕಾದಷ್ಟೇ ಗಾಳಿ ಬಿಡುವ ಕವಾಟವನ್ನು ರೂಪಿಸಿದರು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡರೆ ಸಾಕು, ಮೇಲಿನವರ ಹಂಗಿಲ್ಲದೆ ಮೀನಿನಂತೆ ತಿರುಗಾಡಬಹುದಾಯಿತು. ಆದರೆ ಆ ಮೊದಲ ಸಮುದ್ರ ಪರೀಕ್ಷೆಯಲ್ಲೂ ಕೂಸ್ಟೊ ಒಬ್ಬನೇ ಇರಲಿಲ್ಲ. ಪತ್ನಿ ಸಿಮೋನ್ ನೀರಿನ ಮೇಲೆ ತೇಲುತ್ತ, ಮುಖವನ್ನು ನೀರೊಳಗಿಟ್ಟು ಕೆಳಗಿನ ಗಂಡನನ್ನೇ ನೋಡುತ್ತಿದ್ದಳು. ಗೆಳೆಯ ಡ್ಯೂಮಾ ಆಕೆ ಸನ್ನೆ ಮಾಡಿದರೆ ಧುಮುಕಲು ದಡದಲ್ಲಿ ಸಿದ್ಧನಾಗಿ ನಿಂತಿದ್ದ.

ಹಗ್ಗವಿಲ್ಲದ ಸ್ವಾತಂತ್ರ್ಯಕ್ಕೆ ಬೆಲೆ ತೆರಬೇಕಾಗಿತ್ತು. ಕೆಳಗೆ ಹೋದವರಿಗೆ ಏನಾದರೂ ಆದರೆ ಮೇಲಿರುವವರಿಗೆ ತಿಳಿಯುವ ದಾರಿ ಇಲ್ಲ. ಅಮೆರಿಕದಲ್ಲಿ 1950ರ ದಶಕದಲ್ಲಿ ಸ್ಕೂಬಾ ಶಿಕ್ಷಣ ರೂಪುಗೊಂಡಾಗ ಹಗ್ಗದ ಜಾಗಕ್ಕೆ ಬಂದವರು ಜೊತೆಗಾರರು. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಕಾನ್ರಾಡ್ ಲಿಂಬಾ 1951ರಲ್ಲಿ ವಿಜ್ಞಾನಿಗಳಿಗಾಗಿ ಆರಂಭಿಸಿದ ತರಬೇತಿ ಮುಂದಿನವರಿಗೆ ಮಾದರಿಯಾಯಿತು. 1954ರಲ್ಲಿ ಲಾಸ್ ಏಂಜಲೀಸ್ ಕೌಂಟಿ, 1959ರಲ್ಲಿ ವೈಎಂಸಿಎ ಸಾರ್ವಜನಿಕರಿಗೆ ಕಲಿಸತೊಡಗಿದವು. ಒಂಟಿಯಾಗಿ ಇಳಿಯಬಾರದು ಎಂಬುದು ಮೊದಲ ಪಾಠಗಳಲ್ಲಿ ಒಂದಾಯಿತು. ಅಷ್ಟು ನುರಿತ ಲಿಂಬಾ ತಾನೇ 1960ರ ಮಾರ್ಚ್‌ನಲ್ಲಿ ಫ್ರಾನ್ಸಿನ ಪೋರ್ಟ್ ಮಿಯು ಎಂಬಲ್ಲಿ ನೀರೊಳಗಿನ ಗುಹೆಯಲ್ಲಿ ದಾರಿ ತಪ್ಪಿ ಪ್ರಾಣ ಕಳೆದುಕೊಂಡ.

ಜೊತೆಗಾರರು ಮಾಡುವ ಕೆಲಸವೇನು? ಎಲ್ಲರೂ ಮೊದಲು ಹೇಳುವುದು ಗಾಳಿಯ ವಿಚಾರ. ಪ್ರತಿಯೊಬ್ಬರ ಉಪಕರಣದಲ್ಲೂ ಬಾಯಿಗಿಡುವ ಕವಾಟ ಎರಡಿರುತ್ತವೆ. ಒಂದು ತನಗೆ, ಇನ್ನೊಂದು ಜೋಡಿಗೆ. ಒಬ್ಬರ ಸಿಲಿಂಡರ್ ಬರಿದಾದರೆ ಇನ್ನೊಬ್ಬರ ಎರಡನೆಯ ಕವಾಟದಿಂದ ಉಸಿರಾಡುತ್ತ ಇಬ್ಬರೂ ಮೇಲೆ ಬರಬಹುದು. ಮನರಂಜನೆಗಾಗಿ ಮುಳುಗುವಾಗ ಸಂಭವಿಸಿದ 947 ಸಾವುಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲ ಎಡವಟ್ಟು ಯಾವುದೆಂದು ಗುರುತಿಸಲು ಸಾಧ್ಯವಾದ ಪ್ರಕರಣಗಳ ಪೈಕಿ ಶೇ 41ರಲ್ಲಿ ಕಾರಣ ಗಾಳಿಯ ಕೊರತೆಯೇ ಆಗಿತ್ತು. ಆದ್ದರಿಂದ ಗಾಳಿಯ ಮಾತು ಸಣ್ಣದಲ್ಲ.

ಆದರೆ ಅದಕ್ಕೂ ಮೊದಲಿನ ಕೆಲಸವೊಂದಿದೆ. ನೀವು ಕಾಣುತ್ತಿಲ್ಲ ಎಂಬುದು ಜಗತ್ತಿನಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗಬೇಕಾದದ್ದು ಜೊತೆಗಾರರಿಗೆ. ನೀರಿನಡಿಯಲ್ಲಿ ಕೂಗುವಂತಿಲ್ಲ. ಸದ್ದು ನೀರಿನಲ್ಲಿ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಬರುವುದರಿಂದ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಹೇಳಲಾಗದು. ಕಣ್ಣಿಗೆ ಕಟ್ಟಿದ ಮುಖವಾಡ ಕುದುರೆಯ ಕಣ್ಣುಪಟ್ಟಿಯಂತೆ ಎಡಬಲದ ನೋಟವನ್ನು ಮುಚ್ಚುತ್ತದೆ. ಹಿಂದೆ, ಮೇಲೆ ಯಾರಿದ್ದಾರೆಂಬುದು ತಿಳಿಯುವುದೇ ಇಲ್ಲ. ಜೋಡೆತ್ತುಗಳ ಹಾಗೆ ಭುಜಕ್ಕೆ ಭುಜ ಕೊಟ್ಟು, ಎರಡು ಸಲ ಕಾಲು ಬಡಿದರೆ ಕೈಗೆ ಸಿಗುವಷ್ಟು ಅಂತರದಲ್ಲಿ ಈಜಬೇಕು ಎಂದು ಕಲಿಸುವುದು ಇದಕ್ಕೇ. ಜೋಡಿ ತಪ್ಪಿದರೆ ಒಂದು ನಿಮಿಷ ಸುತ್ತ ಹುಡುಕಿ, ಸಿಗದಿದ್ದರೆ ನಿಧಾನವಾಗಿ ಮೇಲೆ ಬರಬೇಕು. ಅವರೂ ಹಾಗೆಯೇ ಬರುತ್ತಾರೆ, ಇಬ್ಬರೂ ಮೇಲೆ ಸಿಗುತ್ತಾರೆ ಎಂಬುದು ಒಪ್ಪಂದ. ಇಬ್ಬರಿಗೂ ಈ ಒಪ್ಪಂದ ನೆನಪಿದ್ದರೆ ಮಾತ್ರ ಇದಕ್ಕೆ ಅರ್ಥ.

ಇಲ್ಲಿಯೇ ಅಪರಿಚಿತ ಜೋಡಿಯ ತೊಡಕು ಶುರುವಾಗುತ್ತದೆ. ನೂರು ಬಾರಿ ಮುಳುಗಿದವರು ಸಾವಿರಾರು ರೂಪಾಯಿ ತೆತ್ತು ಬಂದಿರುತ್ತಾರೆ. ಅವರಿಗೆ ಹೆಚ್ಚು ಹೊತ್ತು ಕೆಳಗಿರಬೇಕು, ಛಾಯಾಚಿತ್ರ ತೆಗೆಯಬೇಕು. ಹೊಸಬರೊಬ್ಬರನ್ನು ತಮಗೆ ಗಂಟುಹಾಕಿದರೆ ಅವರ ಮುಖದಲ್ಲಿ ಅಸಮಾಧಾನ ಕಾಣುವುದುಂಟು. ಕಾರಣವೂ ಇಲ್ಲದಿಲ್ಲ. ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒತ್ತಡ ಒಂದು ವಾಯುಭಾರದಷ್ಟು ಹೆಚ್ಚುತ್ತದೆ. 10 ಮೀಟರಿನಲ್ಲಿ ಪ್ರತಿ ಉಸಿರಿಗೂ ದಡದ ಮೇಲಿನ ಎರಡರಷ್ಟು ಗಾಳಿ ಖರ್ಚು, 20 ಮೀಟರಿನಲ್ಲಿ ಮೂರರಷ್ಟು. ಅದರ ಮೇಲೆ ಹೊಸಬರ ಗಾಬರಿ, ಅನಗತ್ಯ ಕೈಕಾಲು ಬಡಿತ. ಸಾಮಾನ್ಯ ಗಾತ್ರದ ಸಿಲಿಂಡರಿನಿಂದ 18 ಮೀಟರ್ ಆಳದಲ್ಲಿ ನುರಿತವರು 40 ನಿಮಿಷ ಕಳೆಯಬಹುದಾದರೆ ಹೊಸಬರ ಗಾಳಿ 25 ನಿಮಿಷಕ್ಕೂ ಮೊದಲೇ ತಳ ಮುಟ್ಟಬಹುದು. ಒಬ್ಬರ ಗಾಳಿ ಮುಗಿಯುತ್ತ ಬಂದರೆ ಜೋಡಿಯೇ ಮೇಲೆ ಹೋಗಬೇಕು, ಒಬ್ಬರೇ ಅಲ್ಲ.

ಹೊಸಬರಿಗೆ ಇದು ಗೊತ್ತು. ಅಪಾಯ ಇರುವುದೂ ಇಲ್ಲಿಯೇ. ತನ್ನಿಂದಾಗಿ ಇನ್ನೊಬ್ಬರ ದುಡ್ಡು ದಂಡವಾಯಿತಲ್ಲ ಎಂಬ ಸಂಕೋಚದಿಂದ ಅವರು ಗಾಳಿಯ ಮಾಪಕ ತೋರಿಸಲು ತಡ ಮಾಡುತ್ತಾರೆ. ಕಿವಿ ನೋಯುತ್ತಿದ್ದರೂ ಹೆಬ್ಬೆರಳು ತೋರುಬೆರಳು ಕೂಡಿಸಿ 'ಸರಿಯಾಗಿದ್ದೇನೆ' ಎಂದು ಸನ್ನೆ ಮಾಡುತ್ತಾರೆ. ಕೊನೆಯ ಬಾರಿ ಮುಳುಗಿ ಎರಡು ವರ್ಷವಾಗಿದ್ದರೂ 'ಇತ್ತೀಚೆಗೆ' ಎಂದು ತೇಲಿಸಿಬಿಡುತ್ತಾರೆ. ನಮ್ಮಲ್ಲಿ ದೊಡ್ಡವರ ಎದುರು ಕಷ್ಟ ಹೇಳಿಕೊಳ್ಳಬಾರದೆಂಬ ಅಭ್ಯಾಸ ಬೇರೆ. ಜೋಡಿ ಪದ್ಧತಿಯನ್ನು ಸಮುದ್ರದ ಸೆಳೆತಕ್ಕಿಂತ ಹೆಚ್ಚಾಗಿ ಕೆಡಿಸುವುದು ಈ ದಾಕ್ಷಿಣ್ಯವೇ ಇರಬೇಕು.

ಕೊರಿಯಾದ ಜೆಜು ದ್ವೀಪದ ಹೆನ್ಯೊ ಹೆಂಗಸರು ಈ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿದ್ದಾರೆ. ಇವರೂ ಉಸಿರು ಬಿಗಿಹಿಡಿದು ಮುಳುಗುವವರೇ. ಇವರ ಸಂಸ್ಕೃತಿಯನ್ನು ಯುನೆಸ್ಕೊ 2016ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇವರಿಗೆ ಹಗ್ಗವಿಲ್ಲ, ಗುಂಪೇ ಹಗ್ಗ. ಹಾಗುನ್, ಜುಂಗುನ್, ಸಾಂಗುನ್ ಎಂದು ಕೆಳಗಿನಿಂದ ಮೇಲಕ್ಕೆ ಮೂರು ದರ್ಜೆ. ಯಾರು ಯಾವ ದರ್ಜೆ ಎಂಬುದು ಎಲ್ಲರಿಗೂ ಗೊತ್ತು, ಹಾಗುನ್ ಆಗಿರುವುದು ನಾಚಿಕೆಯಲ್ಲ. ಕಲ್ಲುಗೋಡೆಯ ಮರೆಯಲ್ಲಿ ಬೆಂಕಿ ಹಾಕಿಕೊಂಡು ಕುಳಿತು, ಉಡುಪು ಬದಲಿಸುತ್ತ, ಹಿರಿಯರು ಕಿರಿಯರಿಗೆ ಕಡಲಿನ ಬುದ್ಧಿ ಹೇಳುತ್ತಾರೆ. ನೀರಿನಿಂದ ತಲೆ ಎತ್ತಿದಾಗ ಬಿಗಿಹಿಡಿದ ಉಸಿರನ್ನು ಶಿಳ್ಳೆಯಂತೆ ಬಿಡುತ್ತಾರೆ. ಶ್ವಾಸಕೋಶಕ್ಕೆ ಬೇಕಾದ ಆ ಶಿಳ್ಳೆ, ಮೇಲೆ ಬಂದವರು ಯಾರೆಂದು ಸುತ್ತಲಿನವರಿಗೂ ತಿಳಿಸುತ್ತದೆ.

ಪ್ರವಾಸಿ ದೋಣಿಯಲ್ಲಿ ಅಂಥ ಬೆಂಕಿಯ ಸುತ್ತಿನ ಮಾತಿಗೆ ಸಿಗುವುದು ದಡದಿಂದ ತಾಣ ತಲುಪುವವರೆಗಿನ ಸಮಯ ಮಾತ್ರ. ಒಂಟಿಯಾಗಿ ಬಂದ ಹೊಸಬರು ಅದನ್ನು ವಾಂತಿ ತಡೆಯುವುದರಲ್ಲೋ ಅಲೆ ನೋಡುವುದರಲ್ಲೋ ಕಳೆಯುವುದು ಹೆಚ್ಚು. ಹಾಗೆ ಮಾಡದೆ, ಜೋಡಿಯಾಗಿ ಸಿಕ್ಕವರ ಪಕ್ಕ ಹೋಗಿ ಕುಳಿತು ನಾಲ್ಕು ಮಾತು ಆಡಬೇಕು. ಇದುವರೆಗೆ ಎಷ್ಟು ಬಾರಿ ಮುಳುಗಿದ್ದೇನೆ, ಕೊನೆಯದು ಯಾವಾಗ, ಗಾಳಿ ಬೇಗ ಮುಗಿಸುತ್ತೇನೆ ಎಂಬುದನ್ನು ಮೊದಲೇ ಹೇಳಿಬಿಟ್ಟರೆ ಕೆಳಗೆ ಮುಚ್ಚಿಡುವುದಕ್ಕೆ ಏನೂ ಉಳಿಯುವುದಿಲ್ಲ. 200 ಬಾರ್ ಒತ್ತಡದಿಂದ ಆರಂಭವಾದ ಸಿಲಿಂಡರ್ 100ಕ್ಕೆ ಇಳಿದಾಗ ತಿಳಿಸಬೇಕು, 50 ಉಳಿದಿರುವಾಗಲೇ ನೀರಿನ ಮೇಲಿರಬೇಕು ಎಂಬಂಥ ಲೆಕ್ಕಗಳೂ ಆಗಲೇ ಇತ್ಯರ್ಥವಾಗಬೇಕು. ಸನ್ನೆಗಳನ್ನು ಒಮ್ಮೆ ಹೋಲಿಸಿಕೊಳ್ಳುವುದೂ ಒಳ್ಳೆಯದು. ದಡದ ಮೇಲೆ 'ಭೇಷ್' ಎನ್ನಲು ಎತ್ತುವ ಹೆಬ್ಬೆರಳಿಗೆ ನೀರಿನಡಿ 'ಮೇಲೆ ಹೋಗೋಣ' ಎಂದು ಅರ್ಥ. ಚೆಂದದ ಮೀನು ಕಂಡ ಖುಷಿಗೆ ಹೆಬ್ಬೆರಳೆತ್ತಿ ಇಡೀ ತಂಡವನ್ನು ಮೇಲೆ ಹೊರಡಿಸುವ ಹೊಸಬರು ಇಲ್ಲದಿಲ್ಲ.

ನೀರಿಗೆ ಹಾರುವ ಮುನ್ನ ಪರಸ್ಪರರ ಉಪಕರಣ ಮುಟ್ಟಿ ನೋಡುವುದು ಕಡ್ಡಾಯ. ತೇಲುವ ಅಂಗಿ ಗಾಳಿ ಹಿಡಿಯುತ್ತದೆಯೇ, ಸೊಂಟದ ತೂಕ ಎಳೆದರೆ ಬಿಚ್ಚುತ್ತದೆಯೇ, ಸಿಲಿಂಡರಿನ ನಲ್ಲಿ ಪೂರ್ತಿ ತೆರೆದಿದೆಯೇ ಎಂದು ನೋಡಲು ಎರಡು ನಿಮಿಷ ಸಾಕು. ಅನುಭವಿಗಳು 'ಅದೆಲ್ಲ ಸರಿಯಿದೆ, ಬನ್ನಿ' ಎಂದು ಅವಸರಿಸಿದರೂ ಹೊಸಬರು ಪಟ್ಟು ಹಿಡಿಯಬೇಕು. ಅಪರಿಚಿತರ ಕವಾಟ ಎಲ್ಲಿ ಸಿಕ್ಕಿಸಿದೆ ಎಂದು ಕೈಗೆ ಗೊತ್ತಾಗುವುದು ಆಗಲೇ. ಗಾಳಿ ನಿಂತಾಗ ಅದನ್ನು ಹುಡುಕುತ್ತ ಕೂರಲಾಗದು.

'ನಮ್ಮ ಮಾರ್ಗದರ್ಶಿಯೇ ಇದ್ದಾರಲ್ಲ, ಬೇರೆ ಜೋಡಿ ಯಾಕೆ?' ಎಂಬ ಮಾತೂ ಬರುತ್ತದೆ. ಮಾರ್ಗದರ್ಶಿ ಮುಂದೆ ಈಜುತ್ತಾರೆ, ಅವರ ಹಿಂದೆ ನಾಲ್ಕಾರು ಮಂದಿ ಇರುತ್ತಾರೆ. ಅವರು ಹಿಂದಿರುಗಿ ನೋಡುವ ಎರಡು ಸಲದ ನಡುವೆ ಒಬ್ಬರು ಕಾಣೆಯಾಗಬಹುದು. ದಾರಿ ತೋರುವವರು ಬೇರೆ, ಜೊತೆಗಿರುವವರು ಬೇರೆ. ಹೆಚ್ಚು ಹಣ ಕೊಟ್ಟು ಒಬ್ಬ ಮಾರ್ಗದರ್ಶಿಯನ್ನು ತನಗೊಬ್ಬರಿಗೇ ಗೊತ್ತು ಮಾಡಿಕೊಂಡರೆ ಮಾತು ಬೇರೆ. ಮೊದಲ ಕೆಲವು ಮುಳುಗುಗಳಿಗೆ ಅದು ದಂಡದ ಖರ್ಚೇನಲ್ಲ. ಒಂಟಿಯಾಗಿ ಮುಳುಗುವ ಶಿಕ್ಷಣವನ್ನೂ 1999ರಿಂದೀಚೆಗೆ ಕೆಲವು ಸಂಸ್ಥೆಗಳು ಕೊಡುತ್ತಿವೆ. ಆದರೆ ಅದಕ್ಕೆ ಕನಿಷ್ಠ 100 ಮುಳುಗುಗಳ ಅನುಭವ ಬೇಕು, ಬೇರೆಯದೇ ಆದ ಹೆಚ್ಚುವರಿ ಗಾಳಿಯ ವ್ಯವಸ್ಥೆ ಜೊತೆಗಿರಬೇಕು. ಐದನೆಯ ಬಾರಿ ಇಳಿಯುವವರಿಗೆ ಆ ಬಾಗಿಲು ಮುಚ್ಚಿದೆ.

ಜೋಡಿಯೂ ಸಾಲದ ಸಂದರ್ಭವೊಂದಿದೆ. 1998ರ ಜನವರಿ 25ರಂದು ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನ ಸೇಂಟ್ ಕ್ರಿಸ್ಪಿನ್ ಬಳಿ 26 ಪ್ರವಾಸಿಗಳಿದ್ದ ದೋಣಿಯೊಂದು, ಮುಳುಗಲು ಹೋದ ಅಮೆರಿಕದ ದಂಪತಿಯನ್ನು ಸಮುದ್ರದಲ್ಲೇ ಬಿಟ್ಟು ದಡಕ್ಕೆ ಮರಳಿತು. ತಲೆ ಎಣಿಸುವುದರಲ್ಲಿ ತಪ್ಪಾಗಿತ್ತು. ಗಂಡ ಹೆಂಡತಿ ಒಬ್ಬರಿಗೊಬ್ಬರು ಜೋಡಿ. ಇಬ್ಬರೂ ಇಲ್ಲವೆಂದಾದಾಗ ಇಲ್ಲವೆನ್ನಲು ದೋಣಿಯಲ್ಲಿ ಮೂರನೆಯವರು ಇರಲಿಲ್ಲ. ಎರಡು ದಿನಗಳ ನಂತರ ದೋಣಿಯಲ್ಲಿ ಉಳಿದಿದ್ದ ಅವರ ಚೀಲ ಕಣ್ಣಿಗೆ ಬಿದ್ದಾಗಲೇ ವಿಷಯ ಗೊತ್ತಾದದ್ದು. ವ್ಯಾಪಕ ಹುಡುಕಾಟ ನಡೆದರೂ ಅವರು ಸಿಗಲಿಲ್ಲ. ಘಟನೆಯ ನಂತರ ಕ್ವೀನ್ಸ್‌ಲೆಂಡ್‌ನಲ್ಲಿ ಎಣಿಕೆಯ ನಿಯಮಗಳು ಬಿಗಿಯಾದವು. 2003ರಲ್ಲಿ ಇದನ್ನು ಆಧರಿಸಿ 'ಓಪನ್ ವಾಟರ್' ಎಂಬ ಚಲನಚಿತ್ರವೂ ಬಂತು.

ಒಂಟಿಯಾಗಿ ಬಂದವರಿಗಂತೂ ದೋಣಿಯಲ್ಲಿ ಹೆಸರು ಹಿಡಿದು ಹುಡುಕುವ ಮನೆಯವರಿಲ್ಲ. ಹತ್ತಿದ ಕೂಡಲೇ ಪಟ್ಟಿಯಲ್ಲಿ ತನ್ನ ಹೆಸರು ಬರೆಸಿದ್ದಾರೆಯೇ ಎಂದು ನೋಡುವುದು, ಎಣಿಸುವವರಿಗೆ ಮುಖಪರಿಚಯ ಮಾಡಿಕೊಳ್ಳುವುದು, ದಡದಲ್ಲಿ ಯಾರಿಗಾದರೂ ಯಾವ ದೋಣಿ, ಎಷ್ಟು ಹೊತ್ತಿಗೆ ವಾಪಸು ಎಂದು ತಿಳಿಸಿರುವುದು ಇದಕ್ಕಾಗಿಯೇ ಅಗತ್ಯ. ಶಿಸ್ತಿನ ದೋಣಿಗಳಲ್ಲಿ ಲಂಗರು ಎತ್ತುವ ಮೊದಲು ಸುಮ್ಮನೆ ತಲೆ ಎಣಿಸುವುದಿಲ್ಲ; ಹೆಸರು ಕೂಗುತ್ತಾರೆ. 'ಅವರು ಒಳಗೆ ಬಟ್ಟೆ ಬದಲಿಸುತ್ತಿದ್ದಾರೆ' ಎಂದು ಜೊತೆಗಾರರು ಹೇಳಿದರೆ ಒಪ್ಪುವುದಿಲ್ಲ. ಕೂಗಿದ ಹೆಸರಿನವರೇ ಹೊರಗೆ ಬಂದು ಓಗೊಟ್ಟ ಮೇಲೆಯೇ ಪಟ್ಟಿಯಲ್ಲಿ ಗುರುತು ಹಾಕಿ ಮುಂದಿನ ಹೆಸರು ಕೂಗುತ್ತಾರೆ.